ಹಾಲು ಪರೀಕ್ಷಕಿಯ ಕೈಗಳು

ಕೇಸರಿ ಬಣ್ಣದ ಹರಳುಗಳ ಡಬ್ಬಿಯನ್ನು ಆ ಹಳ್ಳಿಗೆ ಒಯ್ದು, ಮುಚ್ಚಳ ತೆಗೆದು, ಹೇಗೆ ಬಳಸಬೇಕೆಂದು ತೋರಿಸಿಕೊಟ್ಟವಳು ನಾನೇ. ತೊಂಬತ್ತರ ದಶಕದ ಆರಂಭ. ಯುಗಾದಿ ಮುಗಿದು ಬಿಸಿಲು ಏರತೊಡಗಿತ್ತು. ರಾಯಬಾಗದ ಬಳಿ ಹೊಸದಾಗಿ ಶುರುವಾಗಿದ್ದ ಒಂದು ಖಾಸಗಿ ಡೇರಿಯಲ್ಲಿ ನಾನು ಹಳ್ಳಿಯ ಹಾಲು ಕೇಂದ್ರಗಳ ಮೇಲ್ವಿಚಾರಕಿಯಾಗಿದ್ದೆ. ಆ ಡೇರಿ ಈಗಿಲ್ಲ. ನನ್ನ ಪಾಲಿಗೆ ಬಂದ ಹಳ್ಳಿಗಳು ಕೃಷ್ಣೆಯ ದಂಡೆಗಿದ್ದವು. ದಿಗ್ಗೇವಾಡಿ ಕಡೆಯ ಬಸ್ಸು ಹತ್ತಿ, ನಡುವೆ ಇಳಿದು, ಕಬ್ಬಿನ ಹೊಲಗಳ ನಡುವಿನ ಗಾಡಿದಾರಿಯಲ್ಲಿ ನಡೆಯಬೇಕು. ಅಂಥ ಒಂದು ಹಳ್ಳಿಯ ಕೇಂದ್ರದಲ್ಲಿ ನಡೆದದ್ದು ಇದು.

ಕೇಂದ್ರವೆಂದರೆ ಊರಿನ ಒಬ್ಬ ಜೈನ ರೈತರು ಬಿಟ್ಟುಕೊಟ್ಟಿದ್ದ ರಸ್ತೆಬದಿಯ ಕೋಣೆ. ಅವರ ಮನೆಯಲ್ಲಿ ಎಮ್ಮೆಗಳು ಬಹಳ, ಊರಲ್ಲಿ ಅವರ ಮಾತಿಗೆ ತೂಕವೂ ಬಹಳ. ಎಲ್ಲರೂ ಅವರನ್ನು ಸಾವಕಾರ್ರು ಎನ್ನುತ್ತಿದ್ದರು. ಕೋಣೆಗೆ ಬಾಡಿಗೆ ಬೇಡವೆಂದಿದ್ದರು. ಒಳ್ಳೆಯ ಮನುಷ್ಯ.

ಪರೀಕ್ಷಕಿಯನ್ನು ಆರಿಸಿದ್ದೂ ನಾನೇ. ಹತ್ತನೆಯ ತರಗತಿ ಪಾಸಾದ ಹೆಣ್ಣುಮಗಳು ಬೇಕಾಗಿದ್ದಳು. ಕೇಳಿಕೊಂಡು ಬಂದವರಿಗೆಲ್ಲ ಪಿಪೆಟ್ಟೆಂಬ ಅಳತೆಯ ಗಾಜುಕೊಳವೆ ಕೊಟ್ಟು ನೀರು ಅಳೆಯಲು ಹೇಳಿದೆ. ಗೆರೆಯ ಮೇಲೆ ನೀರನ್ನು ಅಲುಗದಂತೆ ನಿಲ್ಲಿಸಿದ್ದು ಬೌದ್ಧರಾಗಿದ್ದ ದಲಿತರ ಕೇರಿಯಿಂದ ಬಂದ ಒಬ್ಬಾಕೆ. ನಿಪ್ಪಾಣಿ ಕಡೆಯಿಂದ ಈ ಊರಿಗೆ ಸೊಸೆಯಾಗಿ ಬಂದವಳು. ಗಂಡ ಗೌಂಡಿ. ಮೊದಲು ಆಕೆಯೂ ಅವನ ಜೊತೆ ಸಿಮೆಂಟು ಕಲಸಿ ಬುಟ್ಟಿ ಹೊರಲು ಹೋಗುತ್ತಿದ್ದಳು. ಎರಡು ಮಕ್ಕಳು.

ಹೆಸರು ತಿಳಿಸಿದಾಗ ಸಾವಕಾರ್ರು, “ಹಾಲಿನ ಕೆಲಸರಿ ಬಾಯಾರ. ಇನ್ನೊಮ್ಮೆ ವಿಚಾರ ಮಾಡ್ರಿ” ಎಂದರು.

“ವಿಚಾರ ಮಾಡೇನ್ರಿ. ಅಳತಿ ಆಕೀದ ಸರಿ ಬಂತು” ಎಂದೆ.

ಅವರು ಮತ್ತೆ ಆ ಮಾತೆತ್ತಲಿಲ್ಲ. ಗದಗಿನ ಕಡೆಯಿಂದ ಬಂದು, ರಾಯಬಾಗದಲ್ಲಿ ಒಂದು ಕೋಣೆ ಹಿಡಿದು ಒಬ್ಬಳೇ ಇದ್ದ ನನಗೆ ಆ ದಿನ ಏನೋ ದೊಡ್ಡದನ್ನು ಮಾಡಿದ ಹೆಮ್ಮೆ.

ಮೊದಮೊದಲು ನಿತ್ಯ ಎರಡು ಹೊತ್ತೂ ಪ್ರತಿಯೊಬ್ಬರ ಹಾಲಿನ ಜಿಡ್ಡು ಅಳೆಯುತ್ತಿದ್ದೆವು, ದರ ನಿಲ್ಲುವುದು ಅದರ ಮೇಲೆ. ಗಾಜಿನ ಕೊಳವೆಗೆ ಗಂಧಕಾಮ್ಲ, ಅದರ ಮೇಲೆ ನಿಧಾನವಾಗಿ ಹಾಲು, ಕೊನೆಗೆ ಸ್ವಲ್ಪ ಆಲ್ಕೋಹಾಲು. ರಬ್ಬರಿನ ಬಿರಡೆ ಒತ್ತಿ ಕುಲುಕಿದರೆ ಕೊಳವೆ ಕೈಸುಡುವಷ್ಟು ಬಿಸಿಯಾಗುತ್ತಿತ್ತು. ಕೈಯಿಂದ ತಿರುವುವ ಯಂತ್ರದಲ್ಲಿಟ್ಟು ತಿರುವಿದರೆ ಜಿಡ್ಡು ಮೇಲೆದ್ದು ಗೆರೆಗಳ ನಡುವೆ ಬಂದು ನಿಲ್ಲುತ್ತಿತ್ತು. ಹಾಲು ತಂದವರು ಅದನ್ನು ಕಣ್ಣಾರೆ ನೋಡಿ ಹೋಗುತ್ತಿದ್ದರು. ಆದರೆ ಆಮ್ಲ ಬಹಳ ಖರ್ಚಾಗುತ್ತಿತ್ತು, ಸಾಲು ಕರಗುತ್ತಿರಲಿಲ್ಲ, ಕ್ಯಾನುಗಳ ಟೆಂಪೊ ಹೊರಗೆ ನಿಂತು ಹಾರ್ನು ಹೊಡೆಯುತ್ತಿತ್ತು.

ಆಗ ಡೇರಿ ಹೊಸ ಪದ್ಧತಿ ತಂದಿತು. ಪ್ರತಿಯೊಬ್ಬ ಸದಸ್ಯನ ಹೆಸರಿಗೂ ಒಂದು ಪುಟ್ಟ ಬಾಟಲಿ. ಎರಡೂ ಹೊತ್ತು ಅವರ ಹಾಲಿನಿಂದ ಒಂದು ಸಣ್ಣ ಸೌಟಿನಷ್ಟು ಅದರೊಳಗೆ ಬೀಳಬೇಕು. ಹತ್ತು ದಿನದ ಹಾಲು ಕೂಡಿದ ಮೇಲೆ ಒಮ್ಮೆ ಪರೀಕ್ಷೆ. ಅಲ್ಲಿಯವರೆಗೆ ಬಾಟಲಿಯ ಹಾಲು ಕೆಡಬಾರದಲ್ಲ, ಅದಕ್ಕೇ ಆ ಕೇಸರಿ ಹರಳು. ಹೆಸರು ಪೊಟ್ಯಾಶಿಯಂ ಡೈಕ್ರೋಮೇಟ್, ಕ್ರೋಮಿಯಂ ಎಂಬ ಲೋಹದ ಲವಣ. ನೀರಿನಲ್ಲಿ ಕರಗಿಸಿ ಪ್ರತಿ ಬಾಟಲಿಗೆ ಕೆಲವು ಹನಿ ಹಾಕಿಟ್ಟರೆ ಬೇಸಿಗೆಯಲ್ಲೂ ಹಾಲು ಒಡೆಯುತ್ತಿರಲಿಲ್ಲ, ಹಳದಿಯಾಗಿ ಉಳಿಯುತ್ತಿತ್ತು. ಪರೀಕ್ಷೆ ಮುಗಿದ ಮೇಲೆ ಆ ಹಾಲನ್ನು ಕೋಣೆಯ ಹಿಂದಿನ ತಗ್ಗಿಗೆ ಚೆಲ್ಲಬೇಕು, ಕ್ಯಾನಿಗೆ ಸೇರಿಸುವಂತಿಲ್ಲ.

“ಇದು ವಿಷ. ಬಾಯಿಗೆ ಹೋಗಬಾರದು, ಕಣ್ಣಿಗೆ ಸಿಡೀಬಾರದು. ಮಕ್ಕಳ ಕೈಗೆ ಸಿಗಧಂಗ ಇಡು” ಎಂದು ಹೇಳಿಕೊಟ್ಟೆ. ಕೈಗೆ ತಾಗಬಾರದು ಎಂದು ಹೇಳಲಿಲ್ಲ. ನನಗೆ ಯಾರೂ ಹೇಳಿರಲಿಲ್ಲ. ಕಾಲೇಜಿನ ಪ್ರಯೋಗಶಾಲೆಯಲ್ಲಿ ನಾನೂ ಅದನ್ನು ಬರಿಗೈಯಲ್ಲೇ ಮುಟ್ಟಿದ್ದೆ, ಏನೂ ಆಗಿರಲಿಲ್ಲ.

ಹೊಸ ಪದ್ಧತಿಯಿಂದ ಎಲ್ಲರಿಗೂ ಅನುಕೂಲವಾಯಿತು. ಪರೀಕ್ಷಕಿಯ ಕೆಲಸ ಮಾತ್ರ ಬೇರೆ ರೀತಿಯಲ್ಲಿ ಬೆಳೆಯಿತು. ಕೆನೆ ಅಂಟಬಾರದೆಂದು ಬಾಟಲಿಗಳನ್ನು ಆಗಾಗ ಕೈಯಲ್ಲಿ ಹಿಡಿದು ತಿರುವಬೇಕು. ಮುಚ್ಚಳದ ಅಂಚಿನಿಂದ ಹಳದಿ ಹನಿ ಬೆರಳಿಗಿಳಿಯುತ್ತಿತ್ತು. ಪರೀಕ್ಷೆಯ ದಿನ ಅಷ್ಟನ್ನೂ ಬಿಸಿನೀರಿನಲ್ಲಿಟ್ಟು ತೆಗೆದು, ಆಮೇಲೆ ಒಂದು ಬುಟ್ಟಿ ಬಾಟಲಿಗಳನ್ನು ಸೋಡಾ ಹಾಕಿದ ನೀರಿನಲ್ಲಿ ಅದ್ದಿ ಬ್ರಶ್ಶಿನಿಂದ ತಿಕ್ಕಬೇಕು. ತೊಟ್ಟಿಯ ನೀರು ಅರಿಶಿನ ಕಲಸಿದಂತಾಗುತ್ತಿತ್ತು. ಆಕೆ ಮೊಣಕೈವರೆಗೆ ಅದರಲ್ಲಿ ಕೈಯಿಟ್ಟು ತೊಳೆಯುತ್ತಿದ್ದಳು. ಬಾಟಲಿಗಳು ಎಷ್ಟು ಚೊಕ್ಕಟವಾಗಿರುತ್ತಿದ್ದವೆಂದರೆ ಬೇರೆ ಹಳ್ಳಿಗಳ ಪರೀಕ್ಷಕರಿಗೆ ನಾನು ಅವನ್ನು ಒಯ್ದು ತೋರಿಸುತ್ತಿದ್ದೆ.

ಜೂನಿನಲ್ಲಿ ಮಿರಗದ ಮಳೆ ಶುರುವಾದ ಮೇಲೆ ಒಂದು ದಿನ ಹೋದಾಗ ಆಕೆ ಬಳೆಗಳನ್ನು ಮೇಲೆ ಸರಿಸಿ ಕೈ ಕೆರೆದುಕೊಳ್ಳುತ್ತಿದ್ದಳು. ಬಳೆ ಕೂರುವ ಜಾಗದಲ್ಲಿ ಕೆಂಪು ಪಟ್ಟಿ, ಬೆರಳಸಂದಿಗಳಲ್ಲಿ ಸಣ್ಣ ನೀರುಗುಳ್ಳೆ.

“ಆಸಿಡ್ ಬಿತ್ತೇನು?” ಎಂದು ಕೇಳಿದೆ.

“ಬಿದ್ದಂಗಿಲ್ರಿ. ಬಿದ್ದಿದ್ರ ಗೊತ್ತಾಗ್ತಿತ್ತು” ಎಂದಳು.

ಆದರೂ ನಾನು ಆಮ್ಲವೇ ಎಂದು ತೀರ್ಮಾನಿಸಿದೆ. ಆ ಕೋಣೆಯಲ್ಲಿ ಚರ್ಮ ಸುಡುವ ವಸ್ತು ಅದೊಂದೇ ಎಂದು ನನ್ನ ನಂಬಿಕೆ. ಆಮ್ಲದ ಬಾಟಲಿಗೆ ಹೊಸ ಬಿರಡೆ ತರಿಸಿದೆ, ಮೇಜಿನ ಮೇಲೆ ಮರಳಿನ ತಾಟು ಇಡಿಸಿದೆ, ಆಮ್ಲ ಸುರಿಯುವಾಗ ಕೈ ದೂರವಿರಲಿ ಎಂದು ಮತ್ತೆ ಮತ್ತೆ ಹೇಳಿದೆ. ಊರಿನ ಡಾಕ್ಟರು ಸುಟ್ಟಗಾಯದ ಮುಲಾಮು ಕೊಟ್ಟರು. ಗುಳ್ಳೆಗಳು ಒಡೆದು ಸೋರಿದವು. ಸೋರಿದ ಜಾಗ ಒಣಗಿ ಬಿರಿಯಿತು. ಬಿರುಕಿನ ಸುತ್ತ ಮತ್ತೆ ಗುಳ್ಳೆಗಳೆದ್ದವು.

ಗಣೇಶ ಚೌತಿಯ ಹೊತ್ತಿಗೆ ನಾನು ಸಾಂಗ್ಲಿಯ ಪೇಟೆಯಿಂದ ರಬ್ಬರಿನ ಕೈಗವಸು ತಂದುಕೊಟ್ಟೆ. ಆಕೆ ಹೇಳಿದಂತೆ ಹಾಕಿಕೊಂಡಳು. ತೊಳೆಯುವಾಗ ತೊಟ್ಟಿಯ ನೀರು ಕೈಗವಸಿನ ಬಾಯಿಂದ ಒಳಗಿಳಿದು ಬೆರಳತುದಿಯಲ್ಲಿ ನಿಲ್ಲುತ್ತಿತ್ತು. ಆಕೆ ಅದನ್ನು ಚೆಲ್ಲಿ ಮತ್ತೆ ಹಾಕಿಕೊಳ್ಳುತ್ತಿದ್ದಳು. ಹತ್ತು ದಿನ ಬಿಟ್ಟು ಹೋದಾಗ ಹುಣ್ಣು ಮುಂಗೈಯ ಮೇಲೆ ಏರಿತ್ತು.

“ರೊಟ್ಟಿ ಬಡಿಯಾಕ ಆಗವಲ್ದ್ರಿ ಬಾಯಾರ. ಉಪ್ಪ ಖಾರ ಮುಟ್ಟಿದ್ರ ಜೀವಾ ಹೋದಂಗ ಆಗತೈತಿ” ಎಂದಳು. “ಆದ್ರ ಕೆಲಸಾ ನಿಂದರಿಸಿಲ್ರಿ.”

“ರಜಾ ತಗೋ.”

“ರಜಾ ತಗೊಂಡ್ರ ಮತ್ತ ಕರೀತಾರೇನ್ರಿ?”

ಕರೆಯುತ್ತಾರೆ ಎಂದು ನಾನು ಹೇಳಬೇಕಿತ್ತು. ಗಟ್ಟಿಯಾಗಿ ಹೇಳುವ ಧೈರ್ಯವಾಗಲಿಲ್ಲ, ಏಕೆಂದರೆ ಅಷ್ಟರಲ್ಲಿ ಊರಲ್ಲಿ ಮಾತು ಹಬ್ಬಿತ್ತು. ಕೆಲವರು ಹಾಲನ್ನು ಸಂಜೆ ಬೇರೆ ಗೌಳಿಗನಿಗೆ ಕೊಡತೊಡಗಿದ್ದರು. ಒಬ್ಬಾಕೆ ಚರಿಗೆಯನ್ನು ಮೇಜಿನ ಮೇಲಿಡದೆ ದೂರದಿಂದ ತಾನೇ ಕ್ಯಾನಿಗೆ ಸುರಿದು, ಬಾಟಲಿಗೆ ಹಾಲು ಹಾಕುವುದೂ ಬೇಡವೆಂದು ಹೋದಳು. ಸಾವಕಾರ್ರು ನನ್ನನ್ನು ಪಡಸಾಲೆಗೆ ಕರೆದು ಚಹಾ ಕೊಟ್ಟು ಹೇಳಿದರು:

“ನಾ ಏನೂ ಅನ್ನಂಗಿಲ್ರಿ ಬಾಯಾರ. ಆದ್ರ ಅದು ದೊಡ್ಡ ರೋಗ ಅಂತ ಮಂದಿ ಅನ್ನಾಕತ್ತಾರ. ಮೊದಲ ಕೆಲವರಿಗೆ ಮನಸ್ಸಿರಲಿಲ್ಲ. ಈಗ ಅವರಿಗೆ ಮಾತಾಡಾಕ ಒಂದ ಕಾರಣಾ ಸಿಕ್ಕೈತಿ.”

“ಕುಷ್ಠ ಅಲ್ರಿ. ಒಬ್ಬರಿಂದ ಒಬ್ಬರಿಗೆ ಹತ್ತೂದಲ್ಲ. ಆಸಿಡಿನಿಂದ ಆಗೈತಿ.”

“ಆಸಿಡಿಂದ ಅಂತ ಬರದ ಕೊಡಸ್ರಿ ಹಂಗಾದ್ರ. ಕೋಣಿ ಬಾಗಿಲಿಗೆ ಹಚ್ಚೂಣು.”

ಬರೆದುಕೊಡುವವರು ಯಾರೂ ಇರಲಿಲ್ಲ. ಅದು ಆಮ್ಲವೂ ಆಗಿರಲಿಲ್ಲ.

ದೀಪಾವಳಿಗೆ ಆಕೆ ಮಕ್ಕಳೊಂದಿಗೆ ನಿಪ್ಪಾಣಿಯ ಕಡೆ ತವರಿಗೆ ಹೋದಳು. ಬಾಟಲಿಗಳನ್ನು ನಾನೇ ನೋಡಿಕೊಂಡೆ. ಮರಳಿ ಬಂದಾಗ ಆಕೆಯ ಕೈ ನೋಡಿ ನನಗೆ ಎಷ್ಟು ಸಮಾಧಾನವಾಯಿತೆಂದರೆ ಬಾಗಿಲಲ್ಲೇ ಹಿಡಿದು ತಿರುವಿ ನೋಡಿದೆ. ಚರ್ಮ ಕಪ್ಪಾಗಿತ್ತು, ದಪ್ಪಗಿತ್ತು, ಆದರೆ ಗುಳ್ಳೆ ಇರಲಿಲ್ಲ, ಬಿರುಕುಗಳು ಮುಚ್ಚಿದ್ದವು. ಮರುದಿನ ಅದೇ ಕೈ ಮತ್ತೆ ಕೆಂಪಗೆ ಬಾತಿತ್ತು. ಅಂದು ಆಮ್ಲದ ಬಾಟಲಿಯನ್ನು ಆಕೆ ತೆರೆದೇ ಇರಲಿಲ್ಲ, ಪರೀಕ್ಷೆಯ ದಿನವಲ್ಲ ಅದು. ಬಾಟಲಿಗಳನ್ನು ತಿರುವಿ ಇಟ್ಟದ್ದಷ್ಟೇ ಕೆಲಸ.

ಆಗ ನನಗೆ ಹೆದರಿಕೆಯಾಯಿತು. ವಾರದೊಳಗೆ ಆಕೆಯನ್ನು ಮಿರಜಕ್ಕೆ ಕರೆದುಕೊಂಡು ಹೋದೆ, ಅಲ್ಲಿನ ಒಬ್ಬ ಚರ್ಮದ ಡಾಕ್ಟರ ಹತ್ತಿರ.

ವಯಸ್ಸಾದ ಡಾಕ್ಟರು, ಕನ್ನಡ ಮರಾಠಿ ಎರಡೂ ಕಲಸಿ ಮಾತಾಡುವವರು. ಕೈ ನೋಡುವ ಮೊದಲು ಕೆಲಸ ಕೇಳಿದರು. ಬೆಳಿಗ್ಗೆ ಕೋಣೆಯ ಬೀಗ ತೆಗೆದಾಗಿನಿಂದ ಏನೇನು ಮುಟ್ಟುತ್ತೀ, ಯಾವ ಕೈಯಿಂದ, ಎಷ್ಟು ಹೊತ್ತು ಎಂದು ಒಂದೊಂದೇ ಕೇಳುತ್ತ ಹೋದರು. ಕೇಸರಿ ಹರಳಿನ ಮಾತು ಬಂದಾಗ ನಿಲ್ಲಿಸಿದರು.

“ಇದಕ್ಕಿಂತ ಮೊದಲ ಏನ ಕೆಲಸಾ ಮಾಡ್ತಿದ್ದಿ?”

“ಗೌಂಡಿ ಕೈಕೆಳಗರಿ. ಸಿಮೆಂಟ ಕಲಸಾಕ.”

“ಆವಾಗ ಕೈ ಕಡೀತಿತ್ತೇನು?”

ಆಕೆ ಯೋಚಿಸಿದಳು. “ಸ್ವಲ್ಪ ಕಡೀತಿತ್ರಿ. ಎಲ್ಲಾರಿಗೂ ಕಡೀತೈತಿ ಅಂತ ಬಿಟ್ಟಿದ್ದೆ.”

ಡಾಕ್ಟರು ನನ್ನ ಕಡೆ ತಿರುಗಿದರು. “ಆಸಿಡ್ ಅಂದ್ರ ಯಾರ ಮೈಮ್ಯಾಲೆ ಬಿದ್ರೂ ಸುಡತೈತಿ. ಇದು ಹಂಗಲ್ಲ. ಹತ್ತ ಮಂದಿ ಮುಟ್ಟಿದ್ರ ಒಂಬತ್ತ ಮಂದಿಗೆ ಏನೂ ಆಗದನ ಇರಬಹುದು. ಒಬ್ಬರ ಚರ್ಮ ಅದನ್ನ ವೈರಿ ಅಂತ ಗುರುತ ಹಿಡೀತೈತಿ. ಒಮ್ಮೆ ಹಿಡೀತಂದ್ರ ಮುಗೀತು, ಆಮ್ಯಾಲೆ ಸಾಸಿವಿಯಷ್ಟಾದ್ರೂ ಸಾಕು. ಸಿಮೆಂಟಿನಾಗೂ ಕ್ರೋಮಿಯಂ ಇರತೈತಿ. ಬಹುಶಃ ಅಲ್ಲೇ ಶುರುವಾಗಿತ್ತು, ನಿಮ್ಮ ಬಾಟ್ಲಿ ಅದನ್ನ ದೊಡ್ಡದ ಮಾಡ್ತು. ಪಟ್ಟಿ ಹಚ್ಚಿ ನೋಡೂಣು.”

ಮೊದಲು ಕೈಯ ಉರಿ ಇಳಿಯಲು ಔಷಧ ಕೊಟ್ಟು, ಕೆಲಸಕ್ಕೆ ಹೋಗಬೇಡ ಎಂದು ಕಳಿಸಿದರು. ಕೇಂದ್ರವನ್ನು ಹೇಗೋ ನಾನೇ ನಡೆಸಿದೆ. ಅದು ಆರಿ, ಮಾತ್ರೆ ನಿಲ್ಲಿಸಿದ ಮೇಲೆ ಮತ್ತೆ ಹೋದೆವು. ಬೆನ್ನಿನ ಮೇಲೆ ಸಾಲಾಗಿ ಸಣ್ಣ ಬಿಲ್ಲೆಗಳನ್ನು ಅಂಟಿಸಿದರು. ಒಂದರಲ್ಲಿ ರಬ್ಬರಿನ ವಸ್ತು, ಒಂದರಲ್ಲಿ ಬಳೆಯ ಲೋಹ, ಒಂದರಲ್ಲಿ ಬರೀ ಮುಲಾಮು, ಒಂದರಲ್ಲಿ ಚರ್ಮ ಸುಡದಷ್ಟು ತೆಳುವಾಗಿ ಮುಲಾಮಿನಲ್ಲಿ ಬೆರೆಸಿದ ಡೈಕ್ರೋಮೇಟು. ಎರಡು ದಿನ ಬೆನ್ನಿಗೆ ನೀರು ತಾಗಬಾರದು, ಬೆವರಬಾರದು, ಭಾರ ಹೊರಬಾರದು.

ಮನೆಗೆ ಹೋದರೆ ಕೊಡ ಹೊರದೆ ಇರುವವಳಲ್ಲ ಎಂದು ಆಕೆಯನ್ನು ನನ್ನ ಕೋಣೆಯಲ್ಲೇ ಉಳಿಸಿಕೊಂಡೆ. ಆಕೆ ಗೋಡೆಗೆ ಒರಗದೆ ನೆಟ್ಟಗೆ ಕುಳಿತು ನಾನು ರೊಟ್ಟಿ ಬಡಿಯುವುದನ್ನು ನೋಡುತ್ತಿದ್ದಳು. “ಹಿಟ್ಟಿಗೆ ಇನ್ನೂ ಬಿಸಿನೀರ ಬೇಕಾಗಿತ್ರಿ” ಎಂದು ನಕ್ಕಳು. ಮಧ್ಯಾಹ್ನ ಮನೆಯೊಡತಿ ಬಾಗಿಲಿಗೆ ಬಂದು, ಬಂದವರು ಯಾರು, ಯಾವ ಪೈಕಿ ಎಂದು ಕೇಳಿದರು. “ನಮ್ಮ ಆಫೀಸಿನವರು” ಎಂದೆ. ಮನೆಯೊಡತಿ ಹೋದ ಮೇಲೆ ಆಕೆ, “ಹಂಗಂದದ್ದ ಚಲೋ ಆತ್ರಿ. ಇಲ್ಲಾಂದ್ರ ನಿಮಗ ಕೋಣಿ ಬಿಡಸ್ತಿದ್ರು” ಎಂದಳು. ಆ ಮಾತಿನಲ್ಲಿ ಕೊಂಕಿರಲಿಲ್ಲ. ನಾನು ತಲೆಯೆತ್ತದೆ ರೊಟ್ಟಿ ಬಡಿದೆ.

ಸ್ವಲ್ಪ ಹೊತ್ತಿನ ಮೇಲೆ ಆಕೆಯೇ ಹೇಳಿದಳು. “ನೀವು ನನಗ ಪಿಪೆಟ್ ಕೊಟ್ಟ ದಿನಾ ಮನಿಗೆ ಹೋಗಿ ನಮ್ಮ ಮನಿಯವರಿಗೆ ಹೇಳಿದ್ನಿ, ಇನ್ನಮ್ಯಾಲೆ ಬುಟ್ಟಿ ಹೊರಂಗಿಲ್ಲ ಅಂತ. ಪರೀಕ್ಷಾ ಮಾಡಾಕಿ ಅಂತ ನಮ್ಮ ಹುಡುಗಿ ಸಾಲ್ಯಾಗ ಹೇಳಿ ಬಂದಾಳ.”

ಪಟ್ಟಿ ತೆಗೆದಾಗ ಉಳಿದ ಬಿಲ್ಲೆಗಳ ಕೆಳಗೆ ಬರೀ ಅಂಟಿನ ಗುರುತು. ಡೈಕ್ರೋಮೇಟಿನ ಜಾಗದಲ್ಲಿ ಕೆಂಪಗೆ ಉಬ್ಬಿದ ವೃತ್ತ, ಅದರ ತುಂಬ ನೀರುಗುಳ್ಳೆ. ಮತ್ತೆರಡು ದಿನ ಬಿಟ್ಟು ನೋಡಿದಾಗ ಇನ್ನೂ ಹೆಚ್ಚಾಗಿತ್ತು.

“ಕೈ ವಾಸಿ ಆಗತೈತಿ” ಎಂದರು ಡಾಕ್ಟರು. “ಚರ್ಮದ ಸಿಟ್ಟ ಮಾತ್ರ ಹೋಗಂಗಿಲ್ಲ. ಈ ಔಷಧ ಮುಟ್ಟಬಾರದು. ಸಿಮೆಂಟೂ ಮುಟ್ಟಬಾರದು. ಹೊಸಾ ಚಪ್ಪಲಿ ಕಡಿದ್ರ ಅದನ್ನೂ ಬಿಡಬೇಕು, ಕೆಲವು ಚರ್ಮ ಹದಾ ಮಾಡಾಕ ಇದನ್ನ ಹಾಕ್ತಾರ.”

“ಎಷ್ಟ ದಿನಾರೀ?” ಎಂದು ಆಕೆ ಕೇಳಿದಳು.

ಡಾಕ್ಟರು ಆಕೆಯ ಬೆನ್ನಿಗೆ ಸೆರಗು ಹೊದಿಸಿ, “ಬಾಳ ದಿನಾ ಅಂತ ತಿಳಕೋ, ಬಾಳಾ” ಎಂದು ಮರಾಠಿಯಲ್ಲಿ ಮಗುವನ್ನು ಕರೆಯುವಂತೆ ಹೇಳಿದರು.

ಬಸ್ಸಿನಲ್ಲಿ ಆಕೆ ಕಿಟಕಿಯ ಕಡೆ ಮುಖ ಮಾಡಿ ಕುಳಿತಳು. ಕಾಗವಾಡ ದಾಟಿದ ಮೇಲೆ ಒಂದೇ ಮಾತು: “ಬುಟ್ಟೀನೂ ಹೋತಲ್ರಿ.”

ಡಾಕ್ಟರು ಬರೆದುಕೊಟ್ಟ ಚೀಟಿ ಹಿಡಿದು ನಾನು ಮ್ಯಾನೇಜರ ಬಳಿ ಹೋದೆ. ಹರಳನ್ನು ಬಿಟ್ಟು ನಿತ್ಯ ಪರೀಕ್ಷೆಗೆ ಮರಳೋಣ ಎಂದು ಕೇಳಿಕೊಂಡೆ. ಅವರು ಕೊಲ್ಹಾಪುರದ ಕಡೆಯವರು, ಚುರುಕು ಮನುಷ್ಯ. ಚೀಟಿಯಲ್ಲಿ ಮೊದಲು ಕಂಡದ್ದು ಸಿಮೆಂಟಿನ ಮಾತು.

“ಬಘಾ, ನೋಡ್ರಿ, ಇಲ್ಲೇ ಬರದಾರ. ಸಿಮೆಂಟಿನಿಂದ ಶುರುವಾಗೈತಿ. ನಮ್ಮಿಂದ ಅಲ್ಲ.”

“ನಮ್ಮಿಂದ ಹೆಚ್ಚಾಗೈತ್ರಿ.”

“ಉಳಿದ ಹಳ್ಳಿಯೊಳಗ ಯಾರಿಗೆ ಆಗೈತಿ? ಇಷ್ಟೂ ಹಳ್ಳಿಗೆ ದಿನಾ ಆಸಿಡ್ ಎಲ್ಲಿಂದ ತರೂದು? ಬಾಯಿ, ಔಷಧ ಬದಲಿ ಮಾಡೂದಕ್ಕಿಂತ ಮಾಣೂಸ ಬದಲಿ ಮಾಡೂದು ಹಗುರ. ಸಾವಕಾರ್ರೂ ಫೋನ್ ಮಾಡಿದ್ರು. ಅವರ ಸೊಸಿ ಪಿಯುಸಿ ಆಗ್ಯಾಳಂತ. ಆಕಿಗೆ ಕಲಸ್ರಿ.”

ನಾನು ಒಪ್ಪಿಕೊಂಡೆ. ಬಲವಂತವೇನೂ ಇರಲಿಲ್ಲ. ಒಬ್ಬರಿಗೆ ಆದದ್ದು ಇನ್ನೊಬ್ಬರಿಗೆ ಆಗಲೇಬೇಕೆಂದಿಲ್ಲ ಎಂದು ಡಾಕ್ಟರೇ ಹೇಳಿದ್ದಾರಲ್ಲ ಎಂದು ಮನಸ್ಸಿಗೆ ಹೇಳಿಕೊಂಡೆ. ಸುದ್ದಿ ತಿಳಿಸಲು ಪರೀಕ್ಷಕಿಯ ಮನೆಗೆ ಹೋದಾಗ ಆಕೆ ಜಗಳವಾಡಲಿಲ್ಲ. “ಸಾವಕಾರ್ರ ಮನಿ ವೈನಿಗೆ ಬಾಟ್ಲಿ ಗುರ್ತ ಗೊತ್ತಾಗಂಗಿಲ್ಲ, ನಾ ಒಂದ ದಿನಾ ಬಂದ ತೋರಸ್ತೀನಿ” ಎಂದಳು. ಬೇಡ ಎನ್ನಬೇಕಿತ್ತು. ಬಾ ಎಂದೆ.

ಸಂಕ್ರಾಂತಿ ಹತ್ತಿರ ಬಂದಿತ್ತು. ಸಾವಕಾರ್ರ ಸೊಸೆ ಹೊಸ ಸೀರೆಯುಟ್ಟು ಬಂದಿದ್ದಳು. ಇನ್ನೂ ಎಳೆಯ ವಯಸ್ಸು, ಕೆಲಸ ಸಿಕ್ಕ ಸಂತೋಷ ಮುಖದ ಮೇಲಿತ್ತು. ನಾನು ಹರಳು ತೂಗಿ, ನೀರಿನಲ್ಲಿ ಕರಗಿಸಿ, ಮುಂದಿನ ಹತ್ತು ದಿನದ ಬಾಟಲಿಗಳಿಗೆ ಹನಿ ಹಾಕುವುದನ್ನು ತೋರಿಸಿದೆ. ಕೈಗೆ ತಾಗಬಾರದು ಎಂದು ಈ ಸಲ ಹೇಳಿದೆ. ಪರೀಕ್ಷಕಿ ಬಾಗಿಲ ಹೊಸ್ತಿಲಲ್ಲೇ ನಿಂತಿದ್ದಳು, ಎರಡೂ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು. ಅಲ್ಲಿಂದಲೇ ಯಾವ ಬಾಟಲಿ ಯಾರದು, ಯಾರ ಎಮ್ಮೆಯ ಹಾಲಿಗೆ ಕೆನೆ ಬೇಗ ಕಟ್ಟುತ್ತದೆ ಎಂದು ಹೇಳುತ್ತಿದ್ದಳು. ನಡುವೆ ಮಾತು ನಿಲ್ಲಿಸಿದಳು.

“ವೈನಿ, ಬಳಿ ತಗದ ಇಡ್ರಿ. ಬಳಿ ಸಂದ್ಯಾಗ ನೀರ ನಿಂತ್ರ ಅಲ್ಲಿಂದನ ಶುರುವಾಗತೈತಿ.”

ಸೊಸೆ ನಕ್ಕಳು. “ಬಳಿ ತಗೀಬಾರದ್ರಿ ಅಕ್ಕಾ, ಅತ್ತಿ ಬೈತಾರ.” ಅಷ್ಟರಲ್ಲಿ ಹನಿ ಹಾಕುವ ಕೊಳವೆ ಅಲುಗಿ ಒಂದು ಕೇಸರಿ ಹನಿ ಅವಳ ಬೆರಳ ಮೇಲೆ ಬಿದ್ದು ಮುಂಗೈಗೆ ಇಳಿಯಿತು. ಅವಳು ಅದನ್ನು ಸೀರೆಗೆ ಒರೆಸಿಕೊಳ್ಳಲು ಹೋದಳು.

ನಾನು ಅವಳ ಕೈ ಹಿಡಿದು ಹೊರಗೆ ಕರೆದುಕೊಂಡು ಹೋಗಿ ನೀರು ಸುರಿದು ತೊಳೆದೆ. ಒಳಗೆ ಬಂದು ಡಬ್ಬಿಯ ಮುಚ್ಚಳ ಬಿಗಿದೆ. ಆಮೇಲೆ ಪರೀಕ್ಷೆಗೆ ಕಾದಿದ್ದ ಬಾಟಲಿಗಳ ಬುಟ್ಟಿ ಎತ್ತಿಕೊಂಡು ಕೋಣೆಯ ಹಿಂದೆ ಹೋಗಿ, ಒಂದೊಂದಾಗಿ ಎಲ್ಲವನ್ನೂ ತಗ್ಗಿಗೆ ಚೆಲ್ಲಿದೆ. ಊರಿನ ಹತ್ತು ದಿನದ ಹಾಲಿನ ಲೆಕ್ಕ ಅದರಲ್ಲಿತ್ತು. ಸೊಸೆ ಬೆರಗಾಗಿ ನೋಡುತ್ತಿದ್ದಳು. ಪರೀಕ್ಷಕಿಯೂ ನೋಡುತ್ತಿದ್ದಳು. ನಾನು ಕೊನೆಯ ಬಾಟಲಿ ಬುಟ್ಟಿಗಿಟ್ಟು ತಿರುಗುವಷ್ಟರಲ್ಲಿ ಆಕೆ ಹೊರಟುಹೋಗಿದ್ದಳು.

ಆ ಸಲ ಹಿಂದಿನ ಹತ್ತು ದಿನದ ಜಿಡ್ಡನ್ನೇ ಎಲ್ಲರಿಗೂ ಹಿಡಿಯಬೇಕಾಯಿತು. ಸಾವಕಾರ್ರಿಗೆ ನಡೆದದ್ದನ್ನು ಹೇಳಿದೆ. ಅವರು ಸೊಸೆಯ ಕೈ ನೋಡಿದರು, ನನ್ನನ್ನು ನೋಡಿದರು, “ಚಲೋ ಮಾಡಿದ್ರಿ” ಎಂದರು. ಮ್ಯಾನೇಜರು ನೋಟೀಸು ಕೊಟ್ಟರು. ನನ್ನ ಹಳ್ಳಿಗಳಲ್ಲಿ ಆ ಹರಳು ಇನ್ನು ಬಳಸುವುದಿಲ್ಲ, ಬೇಕಾದರೆ ನನ್ನನ್ನು ತೆಗೆಯಿರಿ ಎಂದು ಉತ್ತರ ಬರೆದೆ. ಗೋದಾಮಿನಲ್ಲಿದ್ದ ಆಮ್ಲದಿಂದಲೇ ನಿತ್ಯ ಪರೀಕ್ಷೆ ಶುರುಮಾಡಿದೆ. ಅವರು ನನ್ನನ್ನು ತೆಗೆಯಲಿಲ್ಲ. ಜಿಡ್ಡನ್ನು ಅಂದಂದೇ ಕಣ್ಣಾರೆ ನೋಡಿದ ಜನ ಹೆಚ್ಚು ಹಾಲು ತಂದರು, ತಕರಾರು ಕಡಿಮೆಯಾಯಿತು, ಮ್ಯಾನೇಜರು ಸುಮ್ಮನಾದರು. ಉಳಿದ ಮೇಲ್ವಿಚಾರಕರ ಹಳ್ಳಿಗಳಲ್ಲಿ ಕೇಸರಿ ಹನಿ ಮೊದಲಿನಂತೆಯೇ ಬೀಳುತ್ತಿತ್ತು. ಅಲ್ಲಿ ಬಾಟಲಿ ತೊಳೆಯುವವರ ಕೈಗಳನ್ನು ನಾನು ನೋಡಲು ಹೋಗಲಿಲ್ಲ.

ಹರಳು ಹೋದ ಮೇಲೆ ಪರೀಕ್ಷಕಿ ಕೆಲಸಕ್ಕೆ ಮರಳಬಹುದಿತ್ತು. ಇಂದು ಹೇಳೋಣ, ನಾಳೆ ಹೇಳೋಣ ಎಂದು ದಿನ ನೂಕಿದೆ. ಸೊಸೆಯನ್ನು ಬಿಡಿಸುವುದು ಹೇಗೆ, ಸಾವಕಾರ್ರು ಕೋಣೆ ಖಾಲಿ ಮಾಡಿ ಎಂದರೆ ಏನು ಗತಿ, ಮ್ಯಾನೇಜರ ಸಿಟ್ಟು ಇನ್ನಷ್ಟು ಇಳಿಯಲಿ, ಹೀಗೆ. ಕೊನೆಗೆ ಬೇಸಿಗೆಯಲ್ಲಿ ಆಕೆಯ ಮನೆಗೆ ಹೋದರೆ ಗಂಡನೊಬ್ಬನೇ ಇದ್ದ. ಆಕೆ ಮಕ್ಕಳನ್ನು ಕಟ್ಟಿಕೊಂಡು ತವರಿಗೆ ಹೋಗಿ, ನಿಪ್ಪಾಣಿಯ ಒಂದು ತಂಬಾಕಿನ ವಖಾರದಲ್ಲಿ, ಎಲೆ ಹಸನು ಮಾಡುವ ಗೋದಾಮಿನಲ್ಲಿ, ಕೆಲಸಕ್ಕೆ ಸೇರಿದ್ದಳಂತೆ.

ಅಷ್ಟರಲ್ಲಿ ನನ್ನನ್ನು ಅಥಣಿಯ ಕಡೆಗೆ ವರ್ಗ ಮಾಡಿದರು. ಹೋಗುವ ಮೊದಲು ನಿಪ್ಪಾಣಿಗೆ ಹೋದೆ. ವಖಾರದ ಹೊರಗೆ ಊಟದ ಬಿಡುವಿನಲ್ಲಿ ಹೆಂಗಸರು ಗೋಡೆಯ ನೆರಳಿಗೆ ಕುಳಿತಿದ್ದರು. ಆಕೆ ಮೂಗಿಗೆ ಕಟ್ಟಿದ ಬಟ್ಟೆ ಬಿಚ್ಚುತ್ತ ಎದ್ದು ಬಂದಳು. ಮೈತುಂಬ ತಂಬಾಕಿನ ಧೂಳು. ಮಾತಾಡುವ ಮೊದಲು ಕೆಮ್ಮಿದಳು. ಆಮೇಲೆ ಎರಡೂ ಕೈ ಚಾಚಿ ತೋರಿಸಿದಳು.

“ನೋಡ್ರಿ, ಚಲೋ ಆಗ್ಯಾವ.”

ನಿಜವಾಗಿಯೂ ಆಗಿದ್ದವು. ನಾನು ಬಂದ ಕಾರಣ ಹೇಳಿದೆ. “ಈಗ ಆ ಔಷಧ ಇಲ್ಲ. ನೀ ಬರಬಹುದು. ನೀವಿಬ್ಬರೂ ಮಾಡ್ರಿ, ಒಬ್ಬೊಬ್ಬರು ಒಂದೊಂದ ಹೊತ್ತ. ಸಾವಕಾರ್ರ ಹತ್ರಾನೂ ಮಾತಾಡೇನಿ.”

“ಮಂದಿ ಆಕಿ ಹೊತ್ತಿಗಷ್ಟ ಹಾಲ ತರತಾರ್ರಿ ಬಾಯಾರ” ಎಂದಳು.

ಆಮೇಲೆ ಆಕೆಯೇ ಕೇಳಿದಳು: “ಆ ವೈನಿ ಕೈ ಹೆಂಗದಾವ?”

“ಚಲೋ ಅದಾವ. ಆಕಿ ಆ ಔಷಧ ಮುಟ್ಟಿದ್ದು ಅದೊಂದ ಸಲ.”

“ಹೌದ್ರಿ. ನಾ ಅಲ್ಲೇ ಇದ್ನಲ್ಲ” ಎಂದಳು. ಬಟ್ಟೆಯ ಧೂಳು ಕೊಡವಿ ಮತ್ತೆ ಮಡಿಚಿದಳು. ಧ್ವನಿಯಲ್ಲಿ ಸಿಟ್ಟಿರಲಿಲ್ಲ. “ಆಕಿ ಬೆರಳಿಗೆ ಒಂದ ಹನಿ ಬಿದ್ದದ್ದಕ್ಕ ಊರ ಹಾಲೆಲ್ಲಾ ಚೆಲ್ಲಿದ್ರಿ. ನನ್ನ ಕೈ ಮಿರಗದ ಮಳಿಯಿಂದ ದೀಪಾವಳಿ ತನಕ ಸೋರಿತ್ರಿ.”

ನನಗೆ ಆಗ ಗೊತ್ತಿರಲಿಲ್ಲ ಎನ್ನಬಹುದಿತ್ತು. ಅದು ಸುಳ್ಳಲ್ಲ. ಆದರೆ ಗೊತ್ತಾದ ಮೇಲೂ ನಾನು ಚೆಲ್ಲಿರಲಿಲ್ಲ, ಆಕೆಯ ಜಾಗಕ್ಕೆ ಇನ್ನೊಬ್ಬಳನ್ನು ತಂದು ನಿಲ್ಲಿಸಿದ್ದೆ. ಚೆಲ್ಲಿದ್ದು ಆ ಇನ್ನೊಬ್ಬಳ ಕೈ ನೋಡಿ. ಅದು ಯಾಕೆ ಹಾಗಾಯಿತೆಂದು ನಾನು ಅಲ್ಲಿಯವರೆಗೆ ನನ್ನನ್ನೇ ಕೇಳಿಕೊಂಡಿರಲಿಲ್ಲ.

ಒಳಗೆ ಗಂಟೆ ಬಾರಿಸಿತು. ಹೆಂಗಸರು ಸೆರಗು ಕೊಡವುತ್ತ ಏಳತೊಡಗಿದರು. ಆಕೆ ಬಟ್ಟೆಯನ್ನು ಮೂಗಿನ ಮೇಲೆ ಎಳೆದು ಹಿಂದೆ ಗಂಟು ಹಾಕಿಕೊಂಡಳು.

“ಚಿಕ್ಕೋಡಿ ಬಸ್ ಈಗ ಬರತೈತ್ರಿ ಬಾಯಾರ, ಅದು ಹೋದ್ರ ಬಾಳ ಹೊತ್ತ ಕಾಯಬೇಕಾಗತೈತಿ” ಎಂದು ಹೇಳಿ ಒಳಗೆ ಹೋದಳು.